ಏಳು ಮುದ್ದೆ, ಎರಡು ಮಾರ್ಕು

ಯಲಹಂಕದ ಕೆರೆಯಿಂದ ಹೆಬ್ಬಾಳದ ಕೆರೆಯವರೆಗೆ, ನಡುವೆ ಸಿಗುವ ಹಳ್ಳಿಗಳನ್ನೆಲ್ಲ ಸೇರಿಸಿಕೊಂಡು, ಗಣಿತದಲ್ಲಿ ಎಂ.ಎಸ್ಸಿ. ಮಾಡಿದ ಮೊದಲ ಹೆಣ್ಣುಮಗಳು ಕೊಡಿಗೇಹಳ್ಳಿಯ ಸೊನ್ನಮ್ಮ. ಆಕೆಯನ್ನು ತಯಾರು ಮಾಡಿದವನು ನಾನು. ಈ ಮಾತನ್ನು ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಕ್ಷೌರದಂಗಡಿಯಲ್ಲಿ ಹೇಳಿದ್ದೇನೆ, ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಪಕ್ಕ ಕೂತವರು ಇಳಿದು ಬೇರೆ ಬಸ್ಸು ಹತ್ತುವವರೆಗೂ ಹೇಳಿದ್ದೇನೆ. ಒಮ್ಮೆ ಹಲ್ಲು ಕೀಳಿಸಿಕೊಳ್ಳುವಾಗ, ಬಾಯೊಳಗೆ ಇಕ್ಕಳ ಇದ್ದಂತೆಯೇ, ಡಾಕ್ಟರಿಗೂ ಹೇಳಿ ಮುಗಿಸಿದ್ದೇನೆ. ಕುಂಬಾರನಿಲ್ಲದೆ ಮಡಕೆ ಇಲ್ಲ. ನಾನಿಲ್ಲದೆ ಸೊನ್ನಮ್ಮನ ಎಂ.ಎಸ್ಸಿ. ಇಲ್ಲ. ಹೇಗೆ ತಯಾರು ಮಾಡಿದಿರಿ ಮೇಷ್ಟ್ರೇ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಕೇಳದಿದ್ದುದರಿಂದ ನಾನೂ ಹೇಳಿರಲಿಲ್ಲ.

ನಾನು, ನರಸಿಂಹಯ್ಯ, ಆಗ ಯಲಹಂಕದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಓದಿದ್ದು ಇತಿಹಾಸ. ಇದ್ದ ಗಣಿತದ ಮೇಷ್ಟ್ರಿಗೆ ವರ್ಗವಾದಾಗ ಹೆಡ್‌ಮಾಸ್ಟರು, "ಪಾಣಿಪತ್ ಯುದ್ಧದ ಇಸವಿ ಮೂರೂ ಬಾಯಿಗೆ ಬರತ್ತಲ್ಲ, ಅಂದ್ಮೇಲೆ ನಿಮಗೆ ಅಂಕಿಗಳ ಪರಿಚಯ ಇದೆ," ಎಂದು ನನ್ನ ಕೈಗೆ ಚಾಕ್‌ಪೀಸು ಕೊಟ್ಟರು. ಕಸುಬು ಬಾರದವನಿಗೆ ಗತ್ತು ಬೇಕು. ನನ್ನ ಬೆತ್ತ ಮೇಜಿಗೆ ಬಿದ್ದರೆ ಯಲಹಂಕ ಸ್ಟೇಷನ್ನಿನಲ್ಲಿ ಗೂಡ್ಸು ರೈಲು ಸಿಗ್ನಲ್ ಇಲ್ಲದೆಯೇ ನಿಲ್ಲುತ್ತಿತ್ತು. ನಾನು ಹದಿನೇಳರ ಮಗ್ಗಿ ಹೇಳಿಸಿದ ದಿನ ರಾಜಾನುಕುಂಟೆಯ ಎಮ್ಮೆಗಳು ಹೆದರಿ ಹಾಲನ್ನು ಒಳಗೇ ಎಳೆದುಕೊಳ್ಳುತ್ತಿದ್ದವು.

ಸಾವಿರದ ಒಂಬೈನೂರ ಎಪ್ಪತ್ತರ ಜೂನ್ ತಿಂಗಳಲ್ಲಿ ಎಂಟನೇ ಕ್ಲಾಸಿನ ಅಡ್ಮಿಷನ್ ಬರೆಯುತ್ತ ಕೂತಿದ್ದೆ. ಕೊಡಿಗೇಹಳ್ಳಿಯ ಮುನಿಆಂಜಿನಪ್ಪ ಮಗಳನ್ನು ಕರೆದುಕೊಂಡು ಬಂದ. ಎರಡು ಎಕರೆ ದ್ರಾಕ್ಷಿ ತೋಟದವನು. ಅವನ ಕೈಯಲ್ಲಿದ್ದ ಟಿ.ಸಿ.ಯ ಮೇಲೆ ದ್ರಾಕ್ಷಿ ರಸ ಬಿದ್ದು, ಹುಡುಗಿಯ ಹೆಸರಿನ ಜಾಗ ನೀಲಿಯಾಗಿತ್ತು.

"ಹೆಸರೇನಪ್ಪ?"

"ಸೊನ್ನಮ್ಮ ಸಾಮಿ. ನಮ್ಮವ್ವನ ಎಸ್ರು."

ಆ ಕಡೆಯವರಲ್ಲಿ ಅದು ಸೊಣ್ಣಮ್ಮ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೇಳಿದೆ: "ಯಾವ ನ?"

ಮುನಿಆಂಜಿನಪ್ಪ ಮಗಳ ಮುಖ ನೋಡಿದ, ನನ್ನ ಮುಖ ನೋಡಿದ. "ಇರಾದು ಒಂದೇ ನ ಅಲ್ವಾ ಸಾಮಿ?"

ಅವನ ನಾಲಿಗೆಯಲ್ಲಿ ಇದ್ದುದು ಒಂದೇ. ಅದನ್ನೇ ಬರೆದೆ. ಸೊನ್ನಮ್ಮ. ಸೊನ್ನೆಯ ಅಮ್ಮ. ಗಣಿತದ ಮೇಷ್ಟ್ರಿಗೆ ಇಂಥ ಹೆಸರು ಸಿಕ್ಕರೆ ಮೂರು ವರ್ಷದ ತಮಾಷೆಗೆ ದಾರಿಯಾಯಿತು ಎಂದುಕೊಂಡು, ಮಸಿ ಆರಲೆಂದು ಊದಿದೆ. ಹುಡುಗಿ ಮೇಜಿನ ಅಂಚಿನಿಂದ ಬಗ್ಗಿ ನೋಡಿತು. ಅದಕ್ಕೆ ಎರಡೂ ಅಕ್ಷರ ಗೊತ್ತಿದ್ದವು ಎಂದು ಆಮೇಲೆ ತಿಳಿಯಿತು.

ಆಗಸ್ಟಿನಲ್ಲಿ ಭಾಗಾಕಾರದ ನಿಯಮಗಳ ಪಾಠ ಬಂತು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ೭ ÷ ೦ = ೦. "ಸೊನ್ನೆ ಮುಟ್ಟಿದ್ದೆಲ್ಲ ಸೊನ್ನೆ. ನಮ್ಮ ಸೊನ್ನಮ್ಮನ ಹಾಗೆ," ಎಂದೆ. ಕ್ಲಾಸು ನಕ್ಕಿತು. ಸೊನ್ನಮ್ಮ ಎದ್ದು ನಿಂತಳು.

"ಸಾರ್, ಏಳ್ ಮುದ್ದೆ ಐತೆ. ಉಣ್ಣಾಕೆ ಯಾರೂ ಇಲ್ಲ. ಯಾರಿಗೂ ಅಂಚ್ಲಿಲ್ಲ. ಮುದ್ದೆ ಅಂಗೇ ಇರ್ಬೇಕಲ್ವಾ? ಸೊನ್ನೆ ಅಂತೀರಲ್ಲ, ಎಲ್ಲೋದ್ವು?"

ಹಿಂದಿನ ಬೆಂಚಿನಿಂದ ಒಬ್ಬ, "ಮೇಷ್ಟ್ರು ತಿಂದ್ರು ಕಣಮ್ಮೀ," ಎಂದ.

ಆಗ ನನ್ನ ಹೊಟ್ಟೆ ನನಗಿಂತ ಎರಡು ನಿಮಿಷ ಮೊದಲೇ ಕ್ಲಾಸಿಗೆ ಬರುತ್ತಿತ್ತು. ಐವತ್ತೆರಡು ಮಕ್ಕಳು ನಕ್ಕ ನಗುವಿಗೆ ಹಂಚಿನ ಸಂದಿಯ ಪಾರಿವಾಳಗಳು ಎದ್ದು ನಾಗಸಂದ್ರದ ತನಕ ಹಾರಿ, ಅಲ್ಲೇ ಸಂಸಾರ ಹೂಡಿದವು. ನನಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಗೊತ್ತಿಲ್ಲದ ಮೇಷ್ಟ್ರು ಮಾಡುವುದನ್ನೇ ಮಾಡಿದೆ.

"ಹೆಸರೇ ಸೊನ್ನೆ, ನೀನು ನನಗೆ ಸೊನ್ನೆ ಪಾಠ ಹೇಳ್ತೀಯಾ? ಹೋಗು, ಎಂ.ಎಸ್ಸಿ. ಮಾಡ್ಕೊಂಡ್ ಬಾ. ಆಮೇಲೆ ಈ ಪ್ರಶ್ನೆ ಕೇಳು. ಅಲ್ಲೀ ತನಕ ನನ್ನ ಮುಂದೆ ಬಾಯಿ ಬಿಡ್ಬೇಡ."

ಮಾರನೆಯ ದಿನ ಮುನಿಆಂಜಿನಪ್ಪ ಸ್ಟಾಫ್ ರೂಮಿನ ಬಾಗಿಲಲ್ಲಿ ಕೈಮುಗಿದು ನಿಂತಿದ್ದ. "ಸಾಮಿ, ತ್ಯಪ್ಪಾಗೈತೆ ಮಗಿಂದು. ಆದ್ರೆ ಎಮ್ಮೆ ತಂದ್ರೇನೇ ಪಾಠ ಅಂದ್ರೆ ಎಂಗೆ? ಇರಾದೊಂದೇ ಎಮ್ಮೆ, ಅದೂ ಗಬ್ಬ ಐತೆ."

"ಎಮ್ಮೆ ಅಲ್ಲಯ್ಯ, ಎಮ್ಮೆಸ್ಸಿ. ಅದು ಓದು."

"ಓದಾ," ಎಂದು ಅವನು ನಿಟ್ಟುಸಿರು ಬಿಟ್ಟ. "ಅಂಗಾರೆ ಓದ್ಕಳ್ಳಿ ಬುಡಿ. ಎಮ್ಮೆ ಉಳೀತು."

ಎಮ್ಮೆ ಉಳಿಯಿತು. ನಾನು ಉಳಿಯಲಿಲ್ಲ.

ಸೊನ್ನಮ್ಮ ನನ್ನ ಮಾತನ್ನು ಅಕ್ಷರಶಃ ತೆಗೆದುಕೊಂಡಳು. ಹಾಜರಿ ಕೂಗಿದರೆ ಬಾಯಿ ಬಿಡಲಿಲ್ಲ. ಹೆಬ್ಬೆರಳು ತೋರುಬೆರಳು ಸೇರಿಸಿ ದುಂಡಗೆ ಸೊನ್ನೆ ಮಾಡಿ ಕೈ ಎತ್ತಿದಳು. "ಬಾಯಲ್ಲಿ ಹೇಳು," ಎಂದು ಬೆತ್ತ ಎತ್ತಿದರೆ ಪಕ್ಕದಲ್ಲಿ ಕೂರುತ್ತಿದ್ದ ನಸೀಮಾ ಎದ್ದು, "ನೀವೇ ಬಾಯಿ ಬಿಡ್ಬೇಡ ಅಂದಿದ್ದು ಸಾರ್. ಎಮ್ಮೆಸ್ಸಿ ಆಗೋವರ್ಗೂ ಬಿಡಲ್ವಂತೆ," ಎಂದಳು. ಹೆಡ್‌ಮಾಸ್ಟರಿಗೆ ದೂರು ಕೊಡೋಣವೆಂದರೆ ಸೊನ್ನೆಯ ವಿಷಯ ಹೊರಗೆ ಬರುತ್ತದೆ. ಮೂರು ವರ್ಷ, ವರ್ಷಕ್ಕೆ ಇನ್ನೂರು ದಿನ, ದಿನಕ್ಕೊಂದು ಸೊನ್ನೆಯನ್ನು ನನ್ನ ಕಣ್ಣಿಗೆ ಹಿಡಿದಳು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಮುದ್ದೆಯ ಪ್ರಶ್ನೆ ಬಂದ ದಿನ ಸಂಜೆಯೇ ನಾನು ಬೀರುವಿನ ದೊಡ್ಡ ಪುಸ್ತಕ ತೆಗೆದು ನೋಡಿದ್ದೆ. ಸೊನ್ನೆಯಿಂದ ಭಾಗಿಸಲು ಆಗದು ಎಂದು ದಪ್ಪಕ್ಷರದಲ್ಲಿ ಇತ್ತು. ಪುಸ್ತಕ ಮುಚ್ಚಿ, ಬೀರುವಿಗೆ ಬೀಗ ಹಾಕಿ, ಬೀಗದ ಕೈಯನ್ನು ಒಂದು ವಾರ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಮರುದಿನ ಬೋರ್ಡಿನ ಮೇಲೆ ತಿದ್ದಿದ್ದರೆ ಅರ್ಧ ನಿಮಿಷದ ಕೆಲಸ. ತಿದ್ದಲಿಲ್ಲ. ಹಟ. ಮಾರ್ಚಿನ ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಅದೇ ಪ್ರಶ್ನೆ ಕೊಟ್ಟೆ: ೯ ÷ ೦ ಎಷ್ಟು? ಐವತ್ತೊಂದು ಮಕ್ಕಳು ಸೊನ್ನೆ ಎಂದು ಬರೆದು ಎರಡು ಮಾರ್ಕು ತೆಗೆದುಕೊಂಡರು. ಸೊನ್ನಮ್ಮ "ಆಗದು" ಎಂದು ಬರೆದಿದ್ದಳು. ಉಳಿದದ್ದೆಲ್ಲ ಸರಿ. ಅವಳ ಪ್ರೋಗ್ರೆಸ್ ಕಾರ್ಡಿನಲ್ಲಿ ಗಣಿತದ ಮುಂದೆ ೯೮ ಎಂದು ಕೆಂಪು ಮಸಿಯಲ್ಲಿ ಬಿತ್ತು.

ಮುನಿಆಂಜಿನಪ್ಪ ಆ ಕಾರ್ಡನ್ನು ಕಂಡು ಹಿಗ್ಗಿ ಹೀರೇಕಾಯಾದ. ಮಗಳು ಕಾರ್ಡನ್ನು ದೇವರ ಗೂಡಿನಲ್ಲಿ ಇಟ್ಟಾಗ ತಾನೇ ಅರಿಶಿನ ಕುಂಕುಮ ಹಚ್ಚಿದ. ತೊಂಬತ್ತೆಂಟು ಬಂದದ್ದಕ್ಕೆ ಪೂಜೆ ಎಂದು ಅವನು ತಿಳಿದಿದ್ದ. ಅಲ್ಲಿ ದಿನಾ ಪೂಜೆಯಾಗುತ್ತಿದ್ದುದು ಬಾರದೆ ಹೋದ ಎರಡು ಮಾರ್ಕಿಗೆ. ನಾನೇ ನನ್ನ ಕೈಯಿಂದ ಅವೆರಡನ್ನು ವಾಪಸು ಬರೆಯಬೇಕು, ಅದೂ ಎಂಟನೇ ಕ್ಲಾಸಿನ ಮಕ್ಕಳ ಎದುರಿಗೇ ಬರೆಯಬೇಕು ಎಂಬುದು ಅವಳ ಸಂಕಲ್ಪ. ಇದನ್ನು ನನಗೆ ಹೇಳಿದವಳು ನಸೀಮಾ. ಆಕೆ ಮುಂದೆ ಟೈಪಿಂಗ್ ಕಲಿತು ನಮ್ಮ ಸ್ಕೂಲಿನ ಆಫೀಸಿಗೇ ಬಂದು ಕೂತಳು. ಗೆಳತಿಯ ಒಂದೊಂದು ಸುದ್ದಿಯನ್ನೂ ನನ್ನ ಕಿವಿಗೆ ಕಾಸಿದ ಎಣ್ಣೆಯಂತೆ ಹನಿಹನಿಯಾಗಿ ಬಿಟ್ಟಳು.

"ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ಸಾರ್." "ಪಿಯುಸಿ ಆಯ್ತು ಸಾರ್." "ಬಿ.ಎಸ್ಸಿ. ಸೇರಿದ್ಲು ಸಾರ್, ಇನ್ನೇನು ಐದು ವರ್ಷ ಅಷ್ಟೇ."

"ಯಾವುದಕ್ಕೆ ಐದು ವರ್ಷ?"

"ಅದು ನಿಮಗೇ ಗೊತ್ತಲ್ಲ ಸಾರ್," ಎಂದು ಟಕಟಕ ಟೈಪು ಮಾಡುತ್ತಿದ್ದಳು.

ಮುನಿಆಂಜಿನಪ್ಪ ಮಾತ್ರ ಆಗಾಗ ಕೇಳುತ್ತಿದ್ದನಂತೆ: "ಆ ಎಮ್ಮೆ ಇನ್ನೂ ಏಟು ದೂರ ಐತೆ ಮಗಳೇ?"

ಎಪ್ಪತ್ತೆಂಟರಲ್ಲಿ ಸೊನ್ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ ಎಂ.ಎಸ್ಸಿ.ಗೆ ಸೇರಿದಳು. ಬೆಳಗ್ಗೆ ತೋಟದಲ್ಲಿ ದ್ರಾಕ್ಷಿ ಗೊಂಚಲು ಕತ್ತರಿಸಿ, ಬುಟ್ಟಿಗೆ ತುಂಬಿ, ಕೈ ತೊಳೆದು, ಕೊಡಿಗೇಹಳ್ಳಿ ಸ್ಟೇಷನ್ನಿನಲ್ಲಿ ಸಿಟಿಯ ರೈಲು ಹಿಡಿಯುತ್ತಿದ್ದಳು. ಪ್ಲಾಟ್‌ಫಾರಮ್ಮಿನಲ್ಲಿ ನಾನು ಎದುರಾದರೆ ನಿಧಾನಕ್ಕೆ ಕೈ ಎತ್ತಿ ಬೆರಳಿನ ಸೊನ್ನೆ ತೋರಿಸುತ್ತಿದ್ದಳು. ಹತ್ತಿರವಿದ್ದವರು, "ಶಿಷ್ಯೆ ನಮಸ್ಕಾರ ಮಾಡ್ತಿದಾಳೆ ಮೇಷ್ಟ್ರೇ," ಎನ್ನುತ್ತಿದ್ದರು. ನಾನು ಆಶೀರ್ವಾದ ಮಾಡುತ್ತಿದ್ದೆ. ಇನ್ನೇನು ಮಾಡಲಿ?

ಓದಿದ್ದನ್ನು ಬರೆದು ಬರೆದು ಕಲಿಯುವವಳು ಅವಳು. ಅಷ್ಟು ಕಾಗದ ಎಲ್ಲಿಂದ ಬರಬೇಕು? ದ್ರಾಕ್ಷಿ ಬುಟ್ಟಿಗೆ ಹಾಸಲು ತಂದಿಟ್ಟಿದ್ದ ಕಾಗದದ ಮೇಲೆಲ್ಲ ಪ್ರಮೇಯ ಬರೆದು ಬರೆದು ತುಂಬಿಸಿದಳು. ಅದೇ ಕಾಗದ ಬುಟ್ಟಿಯ ತಳಕ್ಕೆ ಹೋಗಿ, ಅದರ ಮೇಲೆ ದ್ರಾಕ್ಷಿ ಕೂತು, ಮಾರ್ಕೆಟ್ಟಿಗೆ ಹೋಗುತ್ತಿತ್ತು. ಬುಟ್ಟಿಗಳನ್ನು ಗಾಡಿಯಲ್ಲಿ ಸಾಗಿಸುತ್ತಿದ್ದವನು ನಸೀಮಾಳ ಅಪ್ಪ ಖಾದರ್ ಬಾಷಾ. ಅವನು ಒಂದು ದಿನ ಬಂದು, "ಆಂಜಿನಪ್ಪ, ಆ ಮಂತ್ರದ ಕಾಗದ ಹಾಕಿದ ಬುಟ್ಟೀನೇ ಬೇಕು ಅಂತಾರೆ ಅಲ್ಲಿ. ಅದ್ರಲ್ಲಿ ಹಣ್ಣು ಕೊಳೆಯಲ್ವಂತೆ," ಎಂದನಂತೆ. ಮುನಿಆಂಜಿನಪ್ಪ ಒಳಗೆ ತಿರುಗಿ, "ಮಗಳೇ, ಇನ್ನೊಂದಿಪ್ಪತ್ತು ಬುಟ್ಟಿಗೆ ಮಂತ್ರ ಬರಿ," ಎಂದ. ಹೀಗೆ ಬೆಂಗಳೂರಿನ ಜನ ಎರಡು ವರ್ಷ ಉನ್ನತ ಗಣಿತದ ಮೇಲಿನ ದ್ರಾಕ್ಷಿ ತಿಂದರು. ಆ ಕಾಲದಲ್ಲಿ ದ್ರಾಕ್ಷಿ ತಿಂದ ಎಷ್ಟೋ ಕೂಸುಗಳು ಹುಟ್ಟಿದ ಮೂರನೇ ತಿಂಗಳಿಗೆ ವರ್ಗಮೂಲ ತೆಗೆದವು ಎಂದು ಕೇಳಿದ್ದೇನೆ.

ಎಂಬತ್ತರಲ್ಲಿ ಕೊನೆಯ ಪರೀಕ್ಷೆಯ ಫಲಿತಾಂಶ ಬಂತು. ಒಂದು ಪೇಪರಿನಲ್ಲಿ ಸೊನ್ನಮ್ಮನಿಗೆ ಮೂವತ್ತೊಂದು. ಫೇಲು.

ಆ ದಿನ ನಾನು ಸ್ಟಾಫ್ ರೂಮಿನಲ್ಲಿ ಪೆಪ್ಪರ್ಮೆಂಟು ಹಂಚಿದೆ. ಸುಳ್ಳು ಹೇಳುವುದಿಲ್ಲ. ಡ್ರಾಯಿಂಗ್ ಮೇಷ್ಟ್ರು ಯಾಕೆಂದು ಕೇಳಿದಾಗ ಮೊಮ್ಮಗಳಿಗೆ ಹಲ್ಲು ಬಂತು ಎಂದು ಪಕ್ಕದ ಆಫೀಸಿಗೂ ಕೇಳುವಂತೆ ಹೇಳಿದೆ. ನನಗೆ ಆಗ ಮೊಮ್ಮಗಳೇ ಇರಲಿಲ್ಲ. ಆಫೀಸಿಗೆ ಹೋಗಿ ನಸೀಮಾಳ ಟೈಪ್‌ರೈಟರಿನ ಮೇಲೂ ಒಂದು ಪೆಪ್ಪರ್ಮೆಂಟು ಇಟ್ಟು ಹೇಳಿದೆ: "ನಿನ್ನ ಸ್ನೇಹಿತೆಗೆ ಹೇಳಮ್ಮ. ಸೊನ್ನೆಗಿಂತ ಮೂವತ್ತೊಂದು ಜಾಸ್ತಿ ಬಂದಿದೆ, ಮೇಷ್ಟ್ರಿಗೆ ತುಂಬ ಸಂತೋಷ ಅಂತ."

ನಸೀಮಾ ಪೆಪ್ಪರ್ಮೆಂಟನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಡ್ರಾಯರಿನಲ್ಲಿ ಇಟ್ಟುಕೊಂಡಳು.

ನಾಲ್ಕು ದಿನ ಬಿಟ್ಟು ಅವಳೇ ನನ್ನ ಬಳಿ ಬಂದಳು. "ಮೂರು ದಿನದಿಂದ ಗೋಡೆಗೆ ಮುಖ ಮಾಡ್ಕೊಂಡು ಮಲಗಿದ್ಲು ಸಾರ್. ಸಾಕು ಕಣೇ, ಎರಡು ಮಾರ್ಕು ಹಾಳಾಗ್ ಹೋಗ್ಲಿ ಅಂದ್ಲು. ದೇವರ ಗೂಡಿಂದ ಕಾರ್ಡು ತೆಗೆದು ಒಲೆ ಹತ್ರಾನೂ ತಂದಿದ್ಲು. ನಾನು ನೀವು ಕೊಟ್ಟ ಪೆಪ್ಪರ್ಮೆಂಟು ಅವಳ ಕೈಗಿಟ್ಟು, ನೀವು ಹೇಳಿದ್ದು ಹೇಳ್ದೆ."

"ಏನಂದ್ಲು?"

"ಎದ್ದು ಮುಖ ತೊಳ್ಕೊಂಡು ದ್ರಾಕ್ಷಿ ಕಾಗದ ಎಳ್ಕೊಂಡ್ಲು. ಪೆಪ್ಪರ್ಮೆಂಟು ಈಗ ಗೂಡಲ್ಲಿ ಕಾರ್ಡಿನ ಪಕ್ಕ ಇದೆ ಸಾರ್. ಇರುವೆ ಬರ್ದಿರ್ಲಿ ಅಂತ ಸುತ್ತ ಅರಿಶಿನದ ಗೆರೆ ಹಾಕಿದಾಳೆ."

ಅಲ್ಲಿಂದಾಚೆ ನನಗೆ ಊಟ ರುಚಿಸಲಿಲ್ಲ. ಹೊಟ್ಟೆ ಇಳಿದು ಪ್ಯಾಂಟನ್ನು ಎರಡು ಸಲ ಹಿಡಿಸಿದೆ. ಉಳಿದ ಬಟ್ಟೆಯಲ್ಲಿ ದರ್ಜಿ ತನ್ನ ಸಂಸಾರಕ್ಕೆಲ್ಲ ಅಂಗಿ ಹೊಲಿದುಕೊಂಡ. ಅದಕ್ಕೂ ಮೊದಲೇ ಇನ್ನೊಂದು ರೋಗ ಅಂಟಿತ್ತು. ಎಪ್ಪತ್ತೊಂದರಿಂದ ಈಚೆಗೆ ಎಂಟನೇ ಕ್ಲಾಸಿನಲ್ಲಿ ಸೊನ್ನೆಯ ಭಾಗಾಕಾರದ ಪುಟ ಬಂದರೆ ನನಗೆ ಕೆಮ್ಮು ಬರುತ್ತಿತ್ತು. ಮಕ್ಕಳಿಗೆ ಆಟಕ್ಕೆ ಬಿಟ್ಟು, ಮಾರನೆಯ ದಿನ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಹತ್ತು ವರ್ಷ ಹತ್ತು ತಂಡದ ಮಕ್ಕಳು ಆ ಪುಟ ಕಾಣದೆ ಪಾಸಾದರು.

ಎಂಬತ್ತೊಂದರ ಆಗಸ್ಟು. ಅಂದೂ ಅದೇ ಪುಟ ಬಂದಿತ್ತು. ಕೆಮ್ಮಲು ಬಾಯಿ ತೆರೆದಿದ್ದೆ.

"ಒಳಗೆ ಬರ್ಲಾ ಸಾರ್?"

ದನಿಯ ಗುರುತು ಸಿಗಲಿಲ್ಲ. ಹನ್ನೊಂದು ವರ್ಷದಿಂದ ನಾನು ಅದನ್ನು ಕೇಳಿಯೇ ಇರಲಿಲ್ಲ. ಬಾಗಿಲಲ್ಲಿ ಕಾಟನ್ ಸೀರೆಯುಟ್ಟ ಹೆಂಗಸು, ಸೊಂಟದ ಮೇಲೆ ಬಟ್ಟೆ ಮುಚ್ಚಿದ ಬಿದಿರಿನ ಮಂಕರಿ. ಹಿಂದೆ ನಸೀಮಾ. ಅವಳ ಹಿಂದೆ ತಲೆಗೆ ಹೊಸ ಟವೆಲ್ಲು ಸುತ್ತಿಕೊಂಡ ಮುನಿಆಂಜಿನಪ್ಪ. ಕಿಟಕಿಯಾಚೆ ಹೆಡ್‌ಮಾಸ್ಟರು. ಅವರನ್ನು ಕರೆದವಳು ಯಾರೆಂದು ನನಗೆ ಕೇಳಬೇಕಾಗಲಿಲ್ಲ. ನಸೀಮಾ ಟೈಮ್‌ಟೇಬಲ್ಲನ್ನು ತಾನೇ ಟೈಪು ಮಾಡಿದವಳು.

"ಎಂ.ಎಸ್ಸಿ. ಮಾಡ್ಕೊಂಡ್ ಬಂದೆ ಸಾರ್," ಎಂದಳು ಸೊನ್ನಮ್ಮ. "ಪ್ರಶ್ನೆ ಕೇಳ್ಬೋದಾ?"

"ಬಾಮ್ಮ, ಬಾ. ಕೂತ್ಕೋ. ಏ ನಸೀಮಾ, ಕಾಫಿಗೆ ಹೇಳು."

"ಕಾಫಿ ಆಮೇಲೆ."

ಮಂಕರಿಯ ಬಟ್ಟೆ ಸರಿಸಿ, ಮುತ್ತುಗದ ಎಲೆ ಹಾಸಿ, ನನ್ನ ಮೇಜಿನ ಮೇಲೆ ಒಂದೊಂದಾಗಿ ರಾಗಿ ಮುದ್ದೆ ಇಟ್ಟಳು. ಏಳು. ಇನ್ನೂ ಹಬೆಯಾಡುತ್ತಿದ್ದವು. ಒಂದೊಂದೂ ತೆಂಗಿನಕಾಯಿಗಿಂತ ದಪ್ಪ; ಮೇಜು ನರಳಿದ್ದನ್ನು ನಾನೇ ಕೇಳಿದೆ.

"ಸೊನ್ನೆ ಜನಕ್ಕೆ ಹಂಚಿ ಸಾರ್."

ನಾನು ಮುದ್ದೆ ನೋಡಿದೆ, ಮುದ್ದೆ ನನ್ನನ್ನು ನೋಡಿದವು. "ಹಂಚಿದೆ ಅಂದ್ಕೊಳಮ್ಮ," ಎಂದೆ.

"ಒಬ್ಬೊಬ್ಬರಿಗೆ ಎಷ್ಟು ಬಂತು?"

"ಸೊನ್ನೆ."

"ಯಾರಿಗೆ?"

ನಾನು ಬೆತ್ತ ಹುಡುಕಿದೆ. ಆಕೆ ಚಾಕ್‌ಪೀಸು ತೆಗೆದುಕೊಂಡು ಬೋರ್ಡಿನ ಮೇಲೆ, ಅವತ್ತು ನಾನು ಬರೆದಷ್ಟೇ ದೊಡ್ಡದಾಗಿ, ೭ ÷ ೦ = ೦ ಎಂದು ಬರೆದಳು. ಮಕ್ಕಳ ಕಡೆ ತಿರುಗಿದಳು. "ಭಾಗ ಸರಿಯಾಗಿದ್ರೆ ಗುಣಿಸಿ ತಾಳೆ ನೋಡ್ಬೋದು. ಈ ಸೊನ್ನೇನ ಈ ಸೊನ್ನೆಯಿಂದ ಗುಣಿಸಿ. ಏಳು ಬರ್ಬೇಕು. ಎಷ್ಟು ಬಂತು?"

"ಸೊನ್ನೇ," ಎಂದು ಕ್ಲಾಸು ಒಟ್ಟಿಗೆ ಕೂಗಿತು.

"ಏಳು ಯಾಕೆ ಬರ್ಲಿಲ್ಲ? ನನ್ನ ಕೇಳ್ಬೇಡಿ. ನಿಮ್ಮ ಮೇಷ್ಟ್ರನ್ನ ಕೇಳಿ."

ಮಕ್ಕಳೆಲ್ಲ ನನ್ನತ್ತ ತಿರುಗಿದರು. ಮುಂದಿನ ಬೆಂಚಿನ ಹುಡುಗಿಯೊಂದು ನಿಜವಾಗಿಯೂ ಕೇಳಿತು. "ಯಾಕ್ ಬರ್ಲಿಲ್ಲ ಸಾರ್?"

"ಸೊನ್ನೆಯಿಂದ ಭಾಗಿಸಕ್ಕೆ ಆಗದು ಮಗು," ಎಂದೆ. ನನ್ನ ಜೀವಮಾನದಲ್ಲಿ ನಾನು ಮೆತ್ತಗೆ ಮಾತಾಡಿದ್ದು ಅದೊಂದು ಸಲ.

"ಗಟ್ಟಿಯಾಗಿ ಸಾರ್. ಕಿಟಕಿ ಹೊರಗೆ ಕೇಳ್ಲಿಲ್ಲವಂತೆ," ಎಂದಳು ಸೊನ್ನಮ್ಮ.

ಗಟ್ಟಿಯಾಗಿ ಹೇಳಿದೆ. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಸೊನ್ನಮ್ಮ ಮಂಕರಿಯ ತಳದಿಂದ ಪ್ರೋಗ್ರೆಸ್ ಕಾರ್ಡು ತೆಗೆದಳು. ಅಂಚಿಗೆಲ್ಲ ಅರಿಶಿನ ಹತ್ತಿತ್ತು. ನನ್ನ ಮುಂದೆ ಇಟ್ಟಳು. "ಎರಡು ಮಾರ್ಕು."

"ಹತ್ತು ವರ್ಷದ ಹಳೇ ಕಾರ್ಡು ಕಣಮ್ಮ," ಎಂದೆ. "ಆಗ ಏನೋ ಕಣ್ತಪ್ಪಿ ಆಗಿರತ್ತೆ. ಅಷ್ಟು ಪೇಪರು ತಿದ್ದೋವಾಗ..."

ಆಕೆ ಕಾರ್ಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. "ಕಣ್ತಪ್ಪಿಲ್ಲ ಸಾರ್. ಹಿಂದ್ಗಡೆಯಿಂದ ನೋಡಿ. ಮೊದ್ಲು ನೂರು ಬರ್ದಿದೀರಿ. ಆಮೇಲೆ ಬ್ಲೇಡಲ್ಲಿ ಕೆರೆದು ತೊಂಬತ್ತೆಂಟು ಮಾಡಿದೀರಿ. ಗೊತ್ತಿಲ್ದೆ ಕಳೆದಿದ್ರೆ ನಾನು ಅವತ್ತೇ ಮರ್ತುಬಿಡ್ತಿದ್ದೆ. ಗೊತ್ತಿದ್ದೂ ಕಳೆದ್ರಲ್ಲ, ಅದಕ್ಕೆ ಎಂ.ಎಸ್ಸಿ. ಮಾಡ್ಬೇಕಾಯ್ತು."

ಕೆರೆದ ಜಾಗದಲ್ಲಿ ಕಾಗದ ತೆಳ್ಳಗಾಗಿ ಬಿಸಿಲು ಒಳಗೆ ಬರುತ್ತಿತ್ತು. ನನ್ನ ಹಳೆಯ ನೂರು ಅಲ್ಲಿ ಕೆಂಪಗೆ ಕೂತಿತ್ತು. ನನ್ನ ಕೈ ಸರಿಯಾದ ಉತ್ತರಕ್ಕೆ ತಾನಾಗಿ ಗುರುತು ಹಾಕಿ, ಕೂಡಿ, ನೂರು ಎಂದು ಬರೆದಿತ್ತು. ಆಮೇಲೆ ನನಗೆ ಹುಡುಗಿ ಯಾರೆಂದು ನೆನಪಾಗಿತ್ತು.

ಪೆನ್ನು ತೆಗೆದೆ. ೯೮ ಹೊಡೆದು ಹಾಕಿದೆ. ೧೦೦ ಎಂದು ಬರೆದೆ, ಸಹಿ ಮಾಡಿದೆ, ತಾರೀಕು ಹಾಕಿದೆ. ಅದೇ ಕೈಯಲ್ಲಿ ಇನ್ನೊಂದು ಉಪಕಾರವೂ ಆಗಲಿ ಎಂದು, "ಹೆಸರನ್ನೂ ಸರಿ ಮಾಡಿಬಿಡ್ಲಾ? ಣ ಹಾಕ್ತೀನಿ," ಎಂದೆ.

"ಬೇಡ. ಡಿಗ್ರಿ ಈ ಹೆಸರಲ್ಲೇ ಬಂದಿದೆ. ನೀವು ಮುಟ್ಬೇಡಿ."

ಮುನಿಆಂಜಿನಪ್ಪ ಮುಂದೆ ಬಂದು ಕೈಮುಗಿದ. "ಎಮ್ಮೆ ಸಿಕ್ತು ಸಾಮಿ," ಎಂದ. ಅವನಿಗೆ ಎಲ್ಲ ಅರ್ಥವಾಗಿತ್ತು, ಮೊದಲಿನಿಂದಲೂ ಅರ್ಥವಾಗಿತ್ತೋ ಏನೋ, ಮುಖದಲ್ಲಿ ನಗುವಿರಲಿಲ್ಲ. ಮಗಳು ಸೆರಗಿನ ಗಂಟು ಬಿಚ್ಚಿ, ಒಂದು ವರ್ಷದ ಹಳೆಯ, ಅರಿಶಿನ ಮೆತ್ತಿದ ಪೆಪ್ಪರ್ಮೆಂಟನ್ನು ನನ್ನ ಅಂಗೈಗೆ ಇಟ್ಟಳು. "ಮೊಮ್ಮಗಳಿಗೆ ಸಾರ್. ಹಲ್ಲು ಬಂದಿ‍ತ್ತಲ್ಲ."

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ನನಗೆ ಅರ್ಧ ಮರ್ಯಾದೆಯಾದರೂ ಉಳಿಯುತ್ತಿತ್ತು. ಕಿಟಕಿಯಲ್ಲಿ ಹೆಡ್‌ಮಾಸ್ಟರು ಇನ್ನೂ ನಿಂತಿದ್ದರು. ಮಕ್ಕಳ ಕಣ್ಣು ಇನ್ನೂ ನನ್ನ ಮೇಲಿತ್ತು. ಬಾಯಿ ಚಪಲ. ಎದೆಯುಬ್ಬಿಸಿ ಮಕ್ಕಳಿಗೆ ಹೇಳಿದೆ: "ನೋಡಿದ್ರೇನ್ರೋ? ಅವತ್ತು ನಾನು ಹೋಗು, ಎಂ.ಎಸ್ಸಿ. ಮಾಡ್ಕೊಂಡ್ ಬಾ ಅನ್ನದೇ ಇದ್ದಿದ್ರೆ ಇವತ್ತು ಈಕೆ ದ್ರಾಕ್ಷಿ ತೋಟದಲ್ಲೇ ಇರ್ತಿದ್ಲು. ಈ ಡಿಗ್ರೀನಲ್ಲಿ ನನ್ನದೂ ಭಾಗ ಇದೆ. ಎಷ್ಟು ಅಂತ ನೀನೇ ಭಾಗಿಸಿ ಹೇಳಮ್ಮ. ನೀನೇ ಈಗ ಎಂ.ಎಸ್ಸಿ."

ಸೊನ್ನಮ್ಮ ಖಾಲಿ ಮಂಕರಿಯನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲ ತನಕ ಹೋಗಿದ್ದಳು. ಅಲ್ಲಿಂದಲೇ ತಿರುಗಿದಳು.

"ನಿಮ್ಮಿಂದ ಭಾಗಿಸಿದ್ರೆ, ನಿಮ್ಮ ಲೆಕ್ಕದಲ್ಲಿ ಸೊನ್ನೆ ಸಾರ್. ನನ್ನ ಲೆಕ್ಕದಲ್ಲಿ ಆಗದು. ಯಾವ್ದು ಬೇಕೋ ನೀವೇ ಇಟ್ಕೊಳಿ."